ವಿಜಯಲಕ್ಷ್ಮಿ ರವೀಂದ್ರನಾಥ್: ಮಿದುಳಿನೊಳಗೆ ಮದ್ದಿನ ಹಾದಿ

ಭಾರತದ ಹಿರಿಯ ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ (ಜನನ 1953) ಮಿದುಳಿನ ಔಷಧವಿಜ್ಞಾನದಲ್ಲಿ ಮಾಡಿದ ಸಂಶೋಧನೆಗಳಿಗೆ ಹೆಸರಾದವರು. ಒಳಗೆ ಹೋದ ಮದ್ದು ದೇಹದ ಯಾವ ಅಂಗದಲ್ಲಿ ಏನಾಗಿ ಬದಲಾಗುತ್ತದೆ ಎಂಬ ಒಂದೇ ಪ್ರಶ್ನೆ ಅವರ ಹಲವು ಪ್ರಬಂಧಗಳಲ್ಲಿ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತದೆ.

ಈ ಪ್ರಶ್ನೆ ಶುರುವಾದದ್ದು ಅರಿಶಿನದಿಂದ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎನ್. ಚಂದ್ರಶೇಖರ ಅವರೊಡನೆ ನಡೆಸಿದ ಅಧ್ಯಯನ 1980ರಲ್ಲಿ ‘ಟಾಕ್ಸಿಕಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟ, ಅರಿಶಿನದ ಸಾರವಾದ ಕರ್ಕ್ಯುಮಿನ್‌ನಲ್ಲಿ ಶೇ. 60ರಷ್ಟು ಹೀರಿಕೆಯಾದರೂ ಹೃದಯದ ರಕ್ತದಲ್ಲಿ ಅದು ಸಿಗಲೇ ಇಲ್ಲ. ಕರುಳಿನಿಂದ ಯಕೃತ್ತಿಗೆ ಹೋಗುವ ರಕ್ತದಲ್ಲಿ ಅಲ್ಪಸ್ವಲ್ಪ ಕಂಡಿತು, ಅಷ್ಟೇ. ಅರಿಶಿನದ ಸಾರವನ್ನು ಔಷಧವಾಗಿಸಲು ಹೊರಟವರು ಇಂದಿಗೂ ಈ ಪ್ರಬಂಧವನ್ನು ಉಲ್ಲೇಖಿಸುತ್ತಾರೆ. 1981ರಲ್ಲಿ ಅವರಿಗೆ ಮೈಸೂರು ವಿಶ್ವವಿದ್ಯಾನಿಲಯದ ಪಿಎಚ್‌ಡಿ ಸಂದಿತು.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಕೆಲಕಾಲ ದುಡಿದು 1986ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದ ಮೇಲೆ ಅವರ ಬಹುಮುಖ್ಯ ಕೆಲಸ ಮೊದಲಾಯಿತು. ಮದ್ದನ್ನು ಒಡೆದು ಹೊರಹಾಕಲು ನೆರವಾಗುವ ಸೈಟೊಕ್ರೋಮ್ ಪಿ450 ಕಿಣ್ವಗಳು ಮುಖ್ಯವಾಗಿ ಯಕೃತ್ತಿಗೆ ಸೇರಿದವು ಎಂಬ ತಿಳಿವಳಿಕೆ ಆಗ ಗಟ್ಟಿಯಾಗಿತ್ತು. ನಿಮ್ಹಾನ್ಸ್‌ನ ನರರೋಗಶಾಸ್ತ್ರಜ್ಞ ಎಸ್.ಕೆ. ಶಂಕರ್ ಮತ್ತು ಎಚ್.ಕೆ. ಆನಂದತೀರ್ಥವರದ ಅವರೊಡನೆ ಶವಪರೀಕ್ಷೆಯಲ್ಲಿ ದೊರೆತ ಮಾನವ ಮಿದುಳುಗಳನ್ನು ಪರೀಕ್ಷಿಸಿ, ಈ ಕಿಣ್ವಗಳು ಅಲ್ಲಿಯೂ ಇವೆಯೆಂದು 1989ರಲ್ಲಿ ‘ಬ್ರೇನ್ ರಿಸರ್ಚ್’ ಪತ್ರಿಕೆಯಲ್ಲಿ ತೋರಿಸಿದರು. ಯಕೃತ್ತಿಗೆ ಹೋಲಿಸಿದರೆ ಪ್ರಮಾಣ ತೀರ ಕಡಿಮೆ. ಆದರೆ ಮನೋರೋಗದ ಮಾತ್ರೆ ಕೆಲಸ ಮಾಡಬೇಕಾದದ್ದು ಮಿದುಳಿನಲ್ಲಿ ಆದ್ದರಿಂದ, ಅಲ್ಲಿಯ ಚೂರುಪಾರು ಕಿಣ್ವಕ್ಕೂ ಬೆಲೆಯುಂಟು. 2002ರ ಪ್ರಬಂಧದಲ್ಲಿ ಇದು ಸ್ಪಷ್ಟವಾಯಿತು: ಆತಂಕ ಶಮನಕ್ಕೆ ಬರೆದುಕೊಡುವ ಆಲ್ಪ್ರಜೋಲಮ್ ಯಕೃತ್ತಿಗಿಂತ ಮಿದುಳಿನಲ್ಲಿ ಹೆಚ್ಚಿನ ಪಾಲು ಸಕ್ರಿಯ ರೂಪಕ್ಕೆ ತಿರುಗುತ್ತದೆ. ಹೀಗಾಗಿ ರಕ್ತದಲ್ಲಿ ಅಳೆದ ಮಟ್ಟವೊಂದರಿಂದಲೇ ಮಿದುಳಿನೊಳಗಿನ ಪರಿಣಾಮವನ್ನು ಊಹಿಸಲಾಗದು.

ಎಲ್ಲ ಪ್ರಬಂಧಗಳೂ ಹಾಗೇ ಒಪ್ಪಿಗೆ ಪಡೆಯಲಿಲ್ಲ. ನಿಷ್ಕ್ರಿಯವೆಂದು ಬಗೆದಿದ್ದ ಸಿವೈಪಿ2ಡಿ7 ಜೀನ್ ಕೆಲವರ ಮಿದುಳಿನಲ್ಲಿ ಕೆಲಸ ಮಾಡುವ ಕಿಣ್ವವನ್ನು ಕೊಟ್ಟು, ಕೊಡೀನ್ ಎಂಬ ಮದ್ದನ್ನು ಮಾರ್ಫೀನ್ ಆಗಿಸುತ್ತದೆ ಎಂದು ಅವರ ತಂಡ 2004ರಲ್ಲಿ ಬರೆಯಿತು. ಮರುವರ್ಷವೇ ಬೇರೊಂದು ತಂಡ ಇದನ್ನು ಪ್ರಶ್ನಿಸಿತು. ಇಂಥ ಚರ್ಚೆಯನ್ನು ಎಬ್ಬಿಸಿದ್ದೂ ವಿದ್ವತ್ ಪ್ರಭಾವದ ಲೆಕ್ಕಕ್ಕೇ ಸೇರಬೇಕು.

ಕೇಸರಿ ಬೇಳೆಯನ್ನೇ ಹೆಚ್ಚುಕಾಲ ಉಂಡವರ ಕಾಲು ಸ್ವಾಧೀನ ತಪ್ಪುವ ಲ್ಯಾಥಿರಿಸಂ ಕುರಿತೂ ಅವರು ಕೆಲಸ ಮಾಡಿದರು. ಬೇಳೆಯ ವಿಷ ನರಕೋಶಗಳನ್ನು ಕೊಲ್ಲುವ ಮೊದಲೇ ಮೈಟೊಕಾಂಡ್ರಿಯದ ‘ಕಾಂಪ್ಲೆಕ್ಸ್ 1’ ಎಂಬ ಶಕ್ತಿಘಟಕವನ್ನು ಕೆಡಿಸುತ್ತದೆಂದು 1998ರಲ್ಲಿ ‘ಜರ್ನಲ್ ಆಫ್ ನ್ಯೂರೋಸೈನ್ಸ್’ನಲ್ಲಿ ತೋರಿಸಿದರು. ಈ ರೋಗ ಹೆಂಗಸರಿಗಿಂತ ಗಂಡಸರನ್ನು ಹೆಚ್ಚು ಕಾಡುವುದೇಕೆ ಎಂಬ ಪ್ರಶ್ನೆಯನ್ನೂ ಅವರ ಪ್ರಯೋಗಾಲಯ ಕೈಗೆತ್ತಿಕೊಂಡಿತು. ಈ ಘಟಕವನ್ನು ಕಾಯುವ ಗ್ಲುಟಾರೆಡಾಕ್ಸಿನ್ ಪ್ರೋಟೀನಿನಲ್ಲಿ ಅವರಿಗೆ ಸುಳಿವು ಸಿಕ್ಕಿತು.

ಜನಸಾಮಾನ್ಯರವರೆಗೂ ಸುದ್ದಿ ತಲುಪಿಸಿದ್ದು 2012ರ ಅಶ್ವಗಂಧದ ಪ್ರಬಂಧ. ನಮ್ಮ ಹಳ್ಳಿಗಳು ಹಿರೇಮದ್ದು ಎನ್ನುವ ಗಿಡವೇ ಇದು. ಅದರ ಬೇರಿನ ಸಾರವನ್ನು 30 ದಿನ ಕೊಟ್ಟಾಗ, ಆಲ್ಝೈಮರ್ ಲಕ್ಷಣಗಳಿದ್ದ ಪ್ರಯೋಗದ ಇಲಿಗಳ ನೆನಪು ಸುಧಾರಿಸಿತು. ಮಿದುಳಿನಲ್ಲಿ ಶೇಖರವಾಗಿದ್ದ ಅಮಿಲಾಯ್ಡ್ ಪ್ರೋಟೀನ್ ತಗ್ಗಿತು. ಅಚ್ಚರಿಯೆಂದರೆ, ಸಾರದ ಕೆಲಸ ನಡೆದದ್ದು ಯಕೃತ್ತಿನಲ್ಲಿ. ಅಲ್ಲಿ ಎಲ್‌ಆರ್‌ಪಿ ಎಂಬ ಪ್ರೋಟೀನ್ ಹೆಚ್ಚಿ, ಅಮಿಲಾಯ್ಡನ್ನು ಮಿದುಳಿನಿಂದ ರಕ್ತಕ್ಕೆ ಸೆಳೆಯುತ್ತಿತ್ತು. ಯಕೃತ್ತಿನ ಎಲ್‌ಆರ್‌ಪಿ ತಗ್ಗಿಸಿದಾಗ ಗುಣವೂ ಕಾಣೆಯಾಯಿತು. ಇದು ಇಲಿಗಳ ಮೇಲೆ, ಭಾಗಶಃ ಶುದ್ಧೀಕರಿಸಿದ ಸಾರದಿಂದ ಬಂದ ಫಲಿತಾಂಶ. ಅಂಗಡಿಯ ಪುಡಿ ಮನುಷ್ಯರ ಮರೆವನ್ನು ವಾಸಿಮಾಡುತ್ತದೆ ಎನ್ನಲು ಇದು ಆಧಾರವಾಗದು.

ಭಟ್ನಾಗರ್ ಪ್ರಶಸ್ತಿ (1996), ಪದ್ಮಶ್ರೀ (2010) ಅವರಿಗೆ ಸಂದ ಗೌರವಗಳು. ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರಕ್ಕೆ ಸ್ಥಾಪಕ ನಿರ್ದೇಶಕಿಯಾಗಿದ್ದರು. 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ನರವಿಜ್ಞಾನ ಕೇಂದ್ರವನ್ನು ಕಟ್ಟಿದರು; ಮುಂದೆ ಅದೇ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರ ತಲೆಯೆತ್ತಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸಿ, ಮರೆವಿನ ರೋಗ ಯಾರಿಗೆ, ಏಕೆ ಬರುತ್ತದೆಂದು ತಿಳಿಯುವ ಅಧ್ಯಯನವನ್ನು ಆ ಕೇಂದ್ರ ಕೈಗೊಂಡಿದೆ.