ರಾಕ್ ಸಂಗೀತ: ಸಮಾಜ ಮತ್ತು ಅಸಲಿತನದ ಕಲ್ಪನೆ

ರಾಕ್, 1950ರ ದಶಕದಲ್ಲಿ ಅಮೆರಿಕದಲ್ಲಿ ರಾಕ್ ಅಂಡ್ ರೋಲ್ ಆಗಿ ಹುಟ್ಟಿ, ಮುಂದಿನ ದಶಕದಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಬೆಳೆದ ಜನಪ್ರಿಯ ಸಂಗೀತ ಪ್ರಕಾರ. ಎಲೆಕ್ಟ್ರಿಕ್ ಗಿಟಾರ್, ಬೇಸ್ ಮತ್ತು ಡ್ರಮ್ಸ್ ಇದರ ಮುಖ್ಯ ವಾದ್ಯಗಳು. ಮಾರುಕಟ್ಟೆಯ ಸರಕಾಗಿದ್ದೂ ತಾನು ಬರಿಯ ಸರಕಲ್ಲ, ಹಾಡುವವರ ಒಳದನಿ ಎಂಬುದು ರಾಕ್‌ನ ವಾದ. ಯಾವುದು ಅಸಲಿ, ಯಾವುದು ನಕಲಿ ಎಂಬ ಅಳತೆಗೋಲನ್ನು ಪ್ರತಿ ಪೀಳಿಗೆಯೂ ಹೊಸದಾಗಿ ಮಾಡಿಕೊಂಡಿದೆ.

ಹುಟ್ಟು ಮತ್ತು ವರ್ಣಭೇದ

ಬ್ಲೂಸ್, ರಿದಮ್ ಅಂಡ್ ಬ್ಲೂಸ್, ಗಾಸ್ಪೆಲ್ ಎಂಬ ಕಪ್ಪುಜನರ ಸಂಗೀತಗಳೂ ಬಿಳಿಯರ ಕಂಟ್ರಿ ಸಂಗೀತವೂ ರಾಕ್‌ನ ಮೂಲಗಳು. ವರ್ಣಭೇದ ಕಾನೂನಾಗಿದ್ದ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಈ ಬೆರಕೆಯೇ ಹಲವರ ಕಣ್ಣು ಕೆಂಪಾಗಿಸಿತು. ಲಾಭ ಮಾತ್ರ ಸಮನಾಗಿ ಹಂಚಿಕೆಯಾಗಲಿಲ್ಲ. ಕಪ್ಪು ಗಾಯಕರಾದ ಲಿಟಲ್ ರಿಚರ್ಡ್, ಫ್ಯಾಟ್ಸ್ ಡಾಮಿನೋ ಅವರ ಹಾಡುಗಳನ್ನು ಬಿಳಿಯ ಗಾಯಕ ಪ್ಯಾಟ್ ಬೂನ್ ಹದಗೊಳಿಸಿ ಹಾಡಿ ಬಿಳಿಯ ಶ್ರೋತೃಗಳಿಗೆ ತಲುಪಿಸಿದ. ಆದರೆ ಮೂಲ ಯಾರದೆಂದು ಹೇಳುವುದು ಎಲ್ಲ ಕಡೆಯೂ ಸುಲಭವಲ್ಲ. ಎಲ್ವಿಸ್ ಪ್ರೆಸ್ಲಿ 1956ರಲ್ಲಿ ಹಾಡಿದ ‘ಹೌಂಡ್ ಡಾಗ್’ ಅನ್ನು 1952ರಲ್ಲೇ ಧ್ವನಿಮುದ್ರಿಸಿದ್ದವಳು ಕಪ್ಪು ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್. ಅವಳಿಗಾಗಿ ಅದನ್ನು ಬರೆದವರು ಜೆರಿ ಲೀಬರ್, ಮೈಕ್ ಸ್ಟೋಲರ್ ಎಂಬ ಇಬ್ಬರು ಬಿಳಿಯ ತರುಣರು.

1960ರ ದಶಕ

ಜನಪದ ಗೀತೆಗಳ ಪುನರುಜ್ಜೀವನ ಚಳವಳಿಗೆ ಸಮುದಾಯದ ದನಿಯೇ ಅಸಲಿ. ವಿದ್ಯುತ್ ವಾದ್ಯ ವ್ಯಾಪಾರದ ಗುರುತು. 1965ರ ಜುಲೈ 25ರಂದು ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಆ ಚಳವಳಿಯ ಗಾಯಕ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡಿದಾಗ ಸಭಿಕರಲ್ಲಿ ಕೆಲವರು ಕೂಗಿ ಪ್ರತಿಭಟಿಸಿದರು. ಆ ಬಳಿಕ ಕಲಾವಿದನ ಸ್ವಂತ ಅಭಿವ್ಯಕ್ತಿಯೇ ಹೊಸ ಮಾನದಂಡವಾಯಿತು. ಕಿರುತೆರೆ ಸರಣಿಗಾಗಿ ಕಟ್ಟಿದ ‘ದಿ ಮಂಕೀಸ್’ ತಂಡ ತನ್ನ ಮೊದಲ ಆಲ್ಬಮ್‌ಗಳ ವಾದ್ಯಗಳನ್ನು ಬಹುಪಾಲು ತಾನೇ ನುಡಿಸಿರಲಿಲ್ಲವೆಂಬುದು ದೊಡ್ಡ ಆಕ್ಷೇಪವಾಯಿತು. 1969ರ ಆಗಸ್ಟ್‌ನ ವುಡ್‌ಸ್ಟಾಕ್ ಉತ್ಸವ ಯುವಜನರ ಒಗ್ಗಟ್ಟಿನ ಸಂಕೇತವೆನಿಸಿದರೆ, ಅದೇ ವರ್ಷದ ಡಿಸೆಂಬರ್‌ನಲ್ಲಿ ಆಲ್ಟಮಾಂಟ್ ಕಛೇರಿಯಲ್ಲಿ ನಡೆದ ಕೊಲೆ ಆ ನಂಬಿಕೆಗೆ ಪೆಟ್ಟು ಕೊಟ್ಟಿತು.

ಪಂಕ್ ಮತ್ತು ಗ್ರಂಜ್

1970ರ ದಶಕದಲ್ಲಿ ರಾಕ್ ತಾನೇ ದೊಡ್ಡ ಉದ್ಯಮವಾಯಿತು. 1972ರಲ್ಲಿ ಡೇವಿಡ್ ಬೋವಿ ‘ಜಿಗ್ಗಿ ಸ್ಟಾರ್‌ಡಸ್ಟ್’ ಎಂಬ ಕಲ್ಪಿತ ಪಾತ್ರದ ವೇಷ ತೊಟ್ಟು, ವೇಷವೂ ಕಲೆಯೇ ಎಂದು ತೋರಿಸಿದ. ಪಂಕ್ ಎಂಬ ರಾಕ್ ಬಗೆಯ ದಾರಿ ಬೇರೆ: ಗಿಟಾರ್‌ನ ನಾಲ್ಕಾರು ಕಾರ್ಡ್ (ಸ್ವರಗುಚ್ಛ) ಬಲ್ಲ ಯಾರು ಬೇಕಾದರೂ ತಂಡ ಕಟ್ಟಬಹುದು, ನುರಿತ ಕೈಗಿಂತ ಒರಟು ದನಿಯೇ ನಂಬಲರ್ಹ ಎಂದು ಅದು ಸಾರಿತು. ಹಾಗಿದ್ದೂ ‘ದಿ ಕ್ಲ್ಯಾಶ್’ ಎಂಬ ಪಂಕ್ ತಂಡ 1977ರಲ್ಲಿ ಸಿಬಿಎಸ್‌ನಂಥ ಬೃಹತ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಇದೇ ಹೊತ್ತಿಗೆ, 1976ರಲ್ಲಿ, ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ವೇದಿಕೆಯ ಮೇಲೆ ವಲಸಿಗರ ವಿರುದ್ಧ ಆಡಿದ ಮಾತಿಗೆ ಪ್ರತಿಯಾಗಿ ಬ್ರಿಟನ್‌ನಲ್ಲಿ ‘ರಾಕ್ ಅಗೇನ್ಸ್ಟ್ ರೇಸಿಸಮ್’ (ಜನಾಂಗಭೇದದ ವಿರುದ್ಧ ರಾಕ್) ಚಳವಳಿ ಹುಟ್ಟಿತು. 1991ರಲ್ಲಿ ಬಂದ ನಿರ್ವಾಣ ಎಂಬ ಗ್ರಂಜ್ ತಂಡದ ‘ನೆವರ್‌ಮೈಂಡ್’ ಆಲ್ಬಮ್ ಅಪಾರ ಯಶಸ್ಸು ಗಳಿಸಿದಾಗ, ಮಾರುಕಟ್ಟೆಯನ್ನು ಹಳಿಯುವ ದನಿಯೇ ಮಾರುಕಟ್ಟೆಯಲ್ಲಿ ಮೇಲುಗೈ ಪಡೆಯಿತು.

ಇತರ ನೆಲಗಳಲ್ಲಿ

ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದಲ್ಲಿ ಅಸಲಿತನದ ಬೆಲೆ ಸೆರೆವಾಸವೂ ಆಗಿತ್ತು. 1976ರಲ್ಲಿ ‘ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್’ ರಾಕ್ ತಂಡದವರ ಮೇಲೆ ನಡೆದ ವಿಚಾರಣೆ, ಮರುವರ್ಷ ‘ಚಾರ್ಟರ್ 77’ ಎಂಬ ಮಾನವ ಹಕ್ಕುಗಳ ಮನವಿಗೆ ಪ್ರೇರಣೆಯಾಯಿತು. ಇತ್ತ ಬೆಂಗಳೂರಿನಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡ ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರ್, ಡ್ರಮ್ಸ್‌ಗಳಿಗೆ ಹೊಂದಿಸಿ, ರಾಕ್‌ಗೆ ಇಂಗ್ಲಿಷೇ ಸಹಜವೆಂಬ ರೂಢಿಯನ್ನು ಸಡಿಲಿಸಿತು.

ವಿಮರ್ಶೆ

ಸಮಾಜಶಾಸ್ತ್ರಜ್ಞ ಸೈಮನ್ ಫ್ರಿತ್ ಪ್ರಕಾರ ರಾಕ್ ಅನ್ನು ಉದ್ಯಮದಿಂದ ಬೇರ್ಪಡಿಸಿ ನೋಡಲಾಗದು. ಧ್ವನಿಮುದ್ರಣ, ಮಾರಾಟಗಳ ಒಳಗೇ ಅದು ರೂಪುಗೊಂಡಿದೆ. ಸಂಶೋಧಕ ಕೀರ್ ಕೈಟ್ಲಿ ಎರಡು ಬಗೆಯ ಅಸಲಿತನವನ್ನು ಗುರುತಿಸಿದ್ದಾರೆ: ಬೇರು, ಸಮುದಾಯ, ನೇರ ಭಾವಗಳನ್ನು ನೆಚ್ಚುವ ರಮ್ಯ ಬಗೆ ಒಂದು; ಪ್ರಯೋಗ, ಹೊಸತನಗಳನ್ನು ನೆಚ್ಚುವ ಆಧುನಿಕತಾವಾದಿ ಬಗೆ ಇನ್ನೊಂದು. ಈ ಅಳತೆಗೋಲುಗಳನ್ನು ಹಿಡಿದವರು ಹೆಚ್ಚಾಗಿ ಬಿಳಿಯ ಗಂಡಸರಾದ್ದರಿಂದ ಮಹಿಳೆಯರೂ ಕಪ್ಪು ಕಲಾವಿದರೂ ಅಂಚಿಗೆ ಸರಿದರೆಂಬ ಟೀಕೆಗೆ ಆಧಾರವಿದೆ. 1940ರ ದಶಕದಲ್ಲೇ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತ ಗಾಸ್ಪೆಲ್ ಹಾಡಿದ ಸಿಸ್ಟರ್ ರೊಸೆಟ್ಟಾ ಥಾರ್ಪ್‌ಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಂದದ್ದು 2018ರಲ್ಲಿ, ಆಕೆ ತೀರಿಕೊಂಡ ಸುಮಾರು 45 ವರ್ಷಗಳ ನಂತರ.