ಗಾಯದ ಗುರುತುಳ್ಳ ದೇಹ: ಪುನರುತ್ಥಾನ ಚಿಂತನೆ ನಡೆದು ಬಂದ ದಾರಿ

ಈಸ್ಟರ್ ಹಬ್ಬದ ತಿರುಳನ್ನು ಹೇಳಲು ಕನ್ನಡ ಕ್ರೈಸ್ತರು ಬಳಸುವ ‘ಪುನರುತ್ಥಾನ’ ಎಂಬ ಪದ ಗ್ರೀಕ್ ಹೊಸ ಒಡಂಬಡಿಕೆಯ ‘ಅನಾಸ್ತಾಸಿಸ್’ ಎಂಬ ಪದಕ್ಕೆ ಬಹಳ ಹತ್ತಿರವಾದುದು. ಎರಡರ ಮೂಲದಲ್ಲೂ ಇರುವುದು ಎದ್ದು ನಿಲ್ಲುವ ಕ್ರಿಯೆಯೇ. ಆತ್ಮವು ಒಂದು ದೇಹವನ್ನು ಬಿಟ್ಟು ಇನ್ನೊಂದನ್ನು ಧರಿಸುವ ಪುನರ್ಜನ್ಮವಾಗಲಿ, ದೇಹದ ಬಂಧನದಿಂದ ಬಿಡುಗಡೆ ಹೊಂದುವ ಮೋಕ್ಷವಾಗಲಿ ಇದಲ್ಲ. ಸತ್ತು ಸಮಾಧಿಯಾದ ವ್ಯಕ್ತಿಯನ್ನೇ, ಅವನ ಗುರುತು ಅಳಿಯದಂತೆ, ಇನ್ನು ಸಾವಿಲ್ಲದ ಬದುಕಿಗೆ ದೇವರು ಎಬ್ಬಿಸುವುದು ಈ ಪದದ ಅರ್ಥ. ಎರಡು ಸಾವಿರ ವರ್ಷಗಳಲ್ಲಿ ಈ ನಂಬಿಕೆಯನ್ನು ಬರಿಯ ರೂಪಕವಾಗಿಯೋ ಒಳಗಿನ ಅನುಭವವಾಗಿಯೋ ತೆಳುಗೊಳಿಸುವ ಯತ್ನಗಳು ಮತ್ತೆ ಮತ್ತೆ ನಡೆದಿವೆಯಾದರೂ, ಪ್ರತಿ ಸಲವೂ ಗಾಯದ ಗುರುತು ಹೊತ್ತ ಒಂದು ದೇಹ ಚರ್ಚೆಯ ನಡುವಿಗೆ ಮರಳಿ ಬಂದಿದೆ.

ಈ ಕುರಿತ ಅತ್ಯಂತ ಹಳೆಯ ವಿವರವಾದ ಬರಹವೆಂದರೆ ಕ್ರಿ.ಶ. 50ರ ದಶಕದ ನಡುವೆ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯ. ತಾನು ಪಡೆದುದನ್ನೇ ಒಪ್ಪಿಸುತ್ತಿದ್ದೇನೆ ಎಂದು ಹೇಳಿ, ಎದ್ದ ಕ್ರಿಸ್ತನನ್ನು ಕಂಡವರನ್ನು ಪೌಲನು ಒಬ್ಬೊಬ್ಬರಾಗಿ ಎಣಿಸುತ್ತಾನೆ. ಸತ್ತವರು ಎಂಥ ದೇಹದಿಂದ ಎದ್ದು ಬರುತ್ತಾರೆಂಬ ಪ್ರಶ್ನೆಗೆ ಮಣ್ಣಿಗೆ ಬಿದ್ದ ಕಾಳನ್ನು ತೋರಿಸುತ್ತಾನೆ. ಅವನು ಹೇಳುವ ‘ಆತ್ಮಿಕ ದೇಹ’ವೆಂದರೆ ಗಾಳಿಯಂಥ ದೇಹವಲ್ಲ, ದೇವರ ಆತ್ಮವೇ ಉಸಿರಾಗಿರುವ ದೇಹ. ಮಾರ್ಕನ ಸುವಾರ್ತೆ ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಹೆಂಗಸರು ಬರಿದಾದ ಸಮಾಧಿಯಿಂದ ನಡುಗುತ್ತ ಓಡಿಹೋಗುವಲ್ಲಿಗೇ ನಿಂತುಬಿಡುತ್ತದೆ. ಯೋಹಾನನ ಸುವಾರ್ತೆಯಲ್ಲಾದರೋ ಮೊಳೆಯ ಗುರುತುಗಳನ್ನು ಮುಟ್ಟಿ ನೋಡೆಂದು ಯೇಸು ತೋಮನನ್ನು ಕರೆಯುತ್ತಾನೆ. ಪುನರುತ್ಥಾನವೆಂದರೆ ಒಳಗಿನ ಅರಿವು, ಅದು ಈಗಾಗಲೇ ಆಗಿಹೋಗಿದೆ ಎಂದು ಮುಂದೆ ಕೆಲವು ಜ್ಞಾನಪಂಥಗಳು ಸಾರಿದಾಗ, ತೆರ್ತುಲಿಯನ್ ಮಾಂಸದ ಪುನರುತ್ಥಾನವನ್ನು ಸಮರ್ಥಿಸಲು ಪ್ರತ್ಯೇಕ ಗ್ರಂಥವನ್ನೇ ಬರೆದನು.

ಮುಂದೆ ಪೂರ್ವದ ಮತ್ತು ಪಶ್ಚಿಮದ ಸಭೆಗಳ ಒಲವು ಬೇರೆಬೇರೆಯಾಯಿತು. ಇಸ್ತಾಂಬುಲಿನ ಖೋರಾ ಚರ್ಚಿನಲ್ಲಿ 14ನೆಯ ಶತಮಾನದ ಆರಂಭದ ಭಿತ್ತಿಚಿತ್ರವೊಂದಿದೆ: ಬಿಳಿಯ ಉಡುಪಿನ ಕ್ರಿಸ್ತ ಒಂದು ಕೈಯಿಂದ ಆದಾಮನನ್ನೂ ಇನ್ನೊಂದರಿಂದ ಹವ್ವಳನ್ನೂ ಸಮಾಧಿಗಳೊಳಗಿಂದ ಎಳೆದೆಬ್ಬಿಸುತ್ತಿದ್ದಾನೆ, ಕಾಲ ಕೆಳಗೆ ಮುರಿದ ಬಾಗಿಲುಗಳೂ ಬೀಗ ಕೀಲಿಗಳೂ ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ. ಅವನು ಹಿಡಿದಿರುವುದು ಅವರ ಅಂಗೈಯನ್ನಲ್ಲ, ಮಣಿಕಟ್ಟನ್ನು. ಸತ್ತವರು ತಾವಾಗಿ ಕೈ ಹಿಡಿಯಲಾರರು ಎಂಬ ಮಾತನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಪಶ್ಚಿಮದಲ್ಲಿ ಮಾತ್ರ, 1098ರ ಸುಮಾರಿಗೆ ಕ್ಯಾಂಟರ್ಬರಿಯ ಆನ್ಸೆಲ್ಮ್ ಕ್ರಿಸ್ತನ ಮರಣವನ್ನು ಪಾಪದ ಋಣ ತೀರಿಸಿದ ಕ್ರಿಯೆಯೆಂದು ವಿವರಿಸಿದ ಬಳಿಕ ಶಿಲುಬೆಯೇ ರಕ್ಷಣೆಯ ಕೇಂದ್ರವಾಗಿ, ಪುನರುತ್ಥಾನವು ಅದಕ್ಕೆ ಒತ್ತಿದ ಮುದ್ರೆಯಷ್ಟೇ ಆಗಿ ಉಳಿಯಿತು. ಇದು ಸಣ್ಣ ನಷ್ಟವಲ್ಲ. ಆರಾಧನೆಯಲ್ಲೂ ಹಬ್ಬದ ಹಿಂದಿನ ರಾತ್ರಿಯ ಜಾಗರಣೆ ಕ್ರಮೇಣ ಶನಿವಾರದ ಬೆಳಗಿಗೆ ಸರಿದು, ರಾತ್ರಿಯನ್ನು ಕೊಂಡಾಡುವ ಗೀತೆಯನ್ನು ಹಗಲು ಬೆಳಕಿನಲ್ಲಿ ಹಾಡುವಂತಾಯಿತು.

ಹೊಸ ಯುಗದ ವಿವಾದವನ್ನು ಹಚ್ಚಿದವನು ಹ್ಯಾಂಬರ್ಗಿನ ರೈಮಾರಸ್. ಶಿಷ್ಯರೇ ಶವವನ್ನು ಕದ್ದರೆಂಬ ಅವನ ವಾದವನ್ನು ಅವನ ಮರಣಾನಂತರ ಲೆಸ್ಸಿಂಗ್ ಪ್ರಕಟಿಸಿದನು. 1835ರಲ್ಲಿ ಡೇವಿಡ್ ಸ್ಟ್ರೌಸ್ ಮೋಸದ ಮಾತನ್ನು ಕೈಬಿಟ್ಟು, ಸುವಾರ್ತೆಯ ಕಥನಗಳು ಸಮುದಾಯದ ಮನಸ್ಸಿನಲ್ಲಿ ಬೆಳೆದ ಪುರಾಣವೆಂದನು. 1941ರಲ್ಲಿ ರುಡಾಲ್ಫ್ ಬುಲ್ಟ್‌ಮನ್ ಇನ್ನೂ ಮುಂದೆ ಹೋಗಿ, ಕ್ರಿಸ್ತನು ಎದ್ದು ಬರುವುದು ಸಭೆಯ ಸಾರೋಣದಲ್ಲಿ, ಅದನ್ನು ಕೇಳಿದವನ ನಿರ್ಧಾರದಲ್ಲಿ ಎಂದಾಗ, ಆ ಮಾತು ಆಧುನಿಕ ಓದುಗನ ಸಂಕಟಕ್ಕೆ ಪ್ರಾಮಾಣಿಕವಾದ ಉತ್ತರವೇ ಆಗಿದ್ದರೂ, ಅದರಲ್ಲಿ ಸತ್ತವನ ದೇಹಕ್ಕೆ ಏನೂ ಉಳಿದಿರಲಿಲ್ಲ. ಪುನರುತ್ಥಾನವನ್ನು ಇತಿಹಾಸದ ಪ್ರಶ್ನೆಯಾಗಿಯೇ ಎದುರಿಸಬೇಕೆಂದು 1964ರಲ್ಲಿ ಪಾನೆನ್‌ಬರ್ಗ್ ವಾದಿಸಿದನು, 2003ರಲ್ಲಿ ಎನ್. ಟಿ. ರೈಟ್ ಎಂಟುನೂರಕ್ಕೂ ಹೆಚ್ಚು ಪುಟಗಳ ಗ್ರಂಥದಲ್ಲಿ ಆ ಕಾಲದ ಯೆಹೂದ್ಯರಿಗೆ ಈ ಪದ ದೈಹಿಕವಲ್ಲದೆ ಬೇರೇನನ್ನೂ ಸೂಚಿಸುತ್ತಿರಲಿಲ್ಲವೆಂದು ತೋರಿಸಲು ಯತ್ನಿಸಿದನು.

ಇಂದಿನ ಕ್ರೈಸ್ತರ ಬದುಕಿಗೆ ಹೆಚ್ಚು ತಟ್ಟಿದ ತಿರುವು ಇನ್ನೊಂದು ಕಡೆಯಿಂದ ಬಂದಿತು. 1943ರ ಹ್ಯಾಂಬರ್ಗ್ ಬಾಂಬ್ ದಾಳಿಯಲ್ಲಿ ಪಕ್ಕದಲ್ಲೇ ನಿಂತಿದ್ದ ಗೆಳೆಯನ ಸಾವನ್ನು ಕಂಡು, ಯುದ್ಧಕೈದಿಯಾಗಿದ್ದಾಗ ಬೈಬಲನ್ನು ಓದಲಾರಂಭಿಸಿದ ಯುರ್ಗೆನ್ ಮೋಲ್ಟ್‌ಮನ್, 1964ರ ‘ಭರವಸೆಯ ದೈವಶಾಸ್ತ್ರ’ದಲ್ಲಿ ಪುನರುತ್ಥಾನವನ್ನು ಇಡೀ ಸೃಷ್ಟಿಗೆ ದೇವರು ಕೊಟ್ಟ ವಾಗ್ದಾನವೆಂದೂ, ಆದ್ದರಿಂದಲೇ ಇಂದಿನ ಅನ್ಯಾಯದೊಡನೆ ರಾಜಿ ಸಲ್ಲದೆಂದೂ ಬರೆದನು. ಎಲ್ ಸಾಲ್ವಡೋರಿನಲ್ಲಿ 1989ರ ನವೆಂಬರ್ 16ರಂದು ಸೈನಿಕರು ಆರು ಮಂದಿ ಜೆಸ್ವಿಟ್ ಪಾದ್ರಿಗಳನ್ನೂ ಇಬ್ಬರು ಹೆಂಗಸರನ್ನೂ ಕೊಂದಾಗ, ಊರಿನಲ್ಲಿಲ್ಲದ ಕಾರಣ ಬದುಕುಳಿದ ಯೋನ್ ಸೊಬ್ರಿನೊ, ದೇವರು ಎಬ್ಬಿಸಿದ್ದು ಯಾವನೋ ಒಬ್ಬ ಸತ್ತವನನ್ನಲ್ಲ, ಅಧಿಕಾರಸ್ಥರು ಕೊಂದ ಒಬ್ಬನನ್ನು ಎಂಬುದನ್ನು ತನ್ನ ಬರಹಗಳ ನೆಲೆಗಟ್ಟಾಗಿಸಿದನು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ಮೊಳೆತ ದಲಿತ ದೈವಶಾಸ್ತ್ರ ಮೊದಲು ಶಿಲುಬೆಯ ನೋವನ್ನೇ ಮುಖ್ಯವಾಗಿ ಹಿಡಿಯಿತು. ಆದರೆ ಮುಟ್ಟುವುದೇ ಮೈಲಿಗೆಯಾಗಿದ್ದ ಸಮಾಜದಲ್ಲಿ, ಗಾಯಗೊಂಡ ದೇಹವೇ ತನ್ನನ್ನು ಮುಟ್ಟೆಂದು ಕರೆಯುವ ತೋಮನ ಪ್ರಸಂಗಕ್ಕೆ ಬೇರೆಲ್ಲೂ ಇಲ್ಲದ ತೂಕ ಬರುತ್ತದೆ.

ಕಥೋಲಿಕ ಸಭೆಯಲ್ಲಿ 1950ರಲ್ಲಿ ಫ್ರಾನ್ಸಿನ ದ್ಯುರ್ವೆಲ್ ಪುನರುತ್ಥಾನವೇ ರಕ್ಷಣೆಯ ರಹಸ್ಯವೆಂದು ಬರೆದ ಮರುವರ್ಷ, ಪೋಪ್ ಹನ್ನೆರಡನೆಯ ಪಯಸ್ ಜಾಗರಣೆಯನ್ನು ಮತ್ತೆ ರಾತ್ರಿಗೆ ತಂದನು. ಆ ವಿಧಿ ಇಂದು ಕರ್ನಾಟಕದ ಚರ್ಚುಗಳಲ್ಲೂ ನಡೆಯುತ್ತದೆ. ದೀಪಗಳನ್ನೆಲ್ಲ ಆರಿಸಿದ ಚರ್ಚಿನ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಪಾದ್ರಿಯು ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆಯನ್ನು ಕೊರೆದು, ಗ್ರೀಕ್ ಅಕ್ಷರಮಾಲೆಯ ಮೊದಲ ಅಕ್ಷರವನ್ನು ಮೇಲೂ ಕೊನೆಯದನ್ನು ಕೆಳಗೂ ಬರೆದು, ನಾಲ್ಕು ಮೂಲೆಗಳಲ್ಲಿ ನಡೆಯುತ್ತಿರುವ ವರ್ಷದ ನಾಲ್ಕು ಅಂಕಿಗಳನ್ನು ಕೆತ್ತುತ್ತಾನೆ. ಬಳಿಕ ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳುಗಳನ್ನು ಮೇಣದೊಳಕ್ಕೆ ಒತ್ತಿ, ಬತ್ತಿಗೆ ಬೆಂಕಿ ಮುಟ್ಟಿಸಿ, ಕತ್ತಲಲ್ಲಿ ಕಾದು ನಿಂತ ಜನರ ನಡುವೆ ಅದನ್ನು ಎತ್ತಿ ಹಿಡಿದು ಒಳಗೆ ನಡೆಯುತ್ತಾನೆ.