ತಂಬೂರಿಯ ಮಂಪರು

ಅರಕಲಗೂಡು ತಾಲ್ಲೂಕಿನ ಕೊಣನೂರಿನವರಿಗೆ ರುದ್ರಪಟ್ಟಣವೆಂದರೆ ನೆರೆಯೂರು. ಕರ್ನಾಟಕ ಸಂಗೀತ ಕೇಳುವವರಿಗೆ ಅದು ತವರೂರು. ಗಾಯಕ ಆರ್. ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿ. ರುದ್ರಪಟ್ಟಣಂ ಸಹೋದರರ ಹೆಸರಿನಲ್ಲೇ ಆ ಊರಿದೆ. ಕಾವೇರಿ ದಂಡೆಯ ಆ ಊರಿನಲ್ಲಿ ಆರ್. ಕೆ. ಪದ್ಮನಾಭ ಅವರು ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಕಟ್ಟಿಸಿದ್ದಾರೆ. ಅಮೆರಿಕದ ಸೈಕೆಡೆಲಿಕ್ ಡ್ರೀಮ್ ಪಾಪ್ ಎಂಬ ಕನಸುಗಣ್ಣಿನ ರಾಕ್ ಬಗ್ಗೆ ಬರೆಯಲು ಕೂತವನು ಇಲ್ಲಿಂದ ಶುರು ಮಾಡಿದರೆ ದಾರಿ ತಪ್ಪಿದಂತೆ ಕಂಡೀತು. ಆದರೆ ಆ ಸಂಗೀತಕ್ಕೆ ಮಂಪರು ಬರುವುದು ಗಿಟಾರಿನಡಿ ಬಿಡದೆ ಮೊಳಗುವ ಒಂದೇ ಸ್ವರದಿಂದ. ಅವರು ಅದನ್ನು ಡ್ರೋನ್ ಅನ್ನುತ್ತಾರೆ, ನಾವು ಶ್ರುತಿ ಅನ್ನುತ್ತೇವೆ.

ಬೀಟಲ್ಸ್ 1966ರಲ್ಲಿ ‘ಟುಮಾರೋ ನೆವರ್ ನೋಸ್’ ಹಾಡಿಗೆ ತಂಬೂರಿಯ ನಾದ ಹಾಸಿದರು. ಅದಕ್ಕೂ ಮೊದಲೇ ನ್ಯೂಯಾರ್ಕಿನಲ್ಲಿ ಲಾ ಮಾಂಟ್ ಯಂಗ್ ದೀರ್ಘ ಸ್ವರಗಳನ್ನಷ್ಟೇ ಹಿಡಿದು ನುಡಿಸುವ ತಂಡ ಕಟ್ಟಿದ್ದರು. ಅಲ್ಲಿ ವಯೋಲಾ ನುಡಿಸುತ್ತಿದ್ದ ಜಾನ್ ಕೇಲ್ ಆ ಗೀಳನ್ನು ವೆಲ್ವೆಟ್ ಅಂಡರ್‌ಗ್ರೌಂಡ್ ರಾಕ್ ತಂಡಕ್ಕೆ ಒಯ್ದರು. ಯಂಗ್ 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರದು ಕಿರಾನಾ ಘರಾಣೆ, ನಮ್ಮ ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರದೇ ಮನೆ. ಹೀಗೆ ನೋಡಿದರೆ ಅಮೆರಿಕದ ಮಂಪರು ರಾಕ್ ಧಾರವಾಡದ ಸೀಮೆಗೆ ದೂರದ ನೆಂಟಸ್ತಿಕೆ ಹೇಳಿಕೊಳ್ಳಬಹುದು. ಈ ವಂಶದ ಒಳ್ಳೆಯ ಕುಡಿ ಲಾಸ್ ಏಂಜಲೀಸಿನ ಮ್ಯಾಜಿ ಸ್ಟಾರ್ ತಂಡದ 1993ರ ಆಲ್ಬಂ ‘ಸೋ ಟುನೈಟ್ ದಟ್ ಐ ಮೈಟ್ ಸೀ’. ಗಾಯಕಿ ಹೋಪ್ ಸ್ಯಾಂಡೋವಲ್ ಅವರದು ಅರೆನಿದ್ದೆಯ ದನಿ. ಕೊನೆಯ ಹಾಡಂತೂ ಏಳು ನಿಮಿಷ ಅಲುಗದೆ ಕೂತೇ ಇರುತ್ತದೆ. ನಮ್ಮ ಮನೆಯ ಹಿರಿಯರಿಗೆ ಕೇಳಿಸಿದರೆ “ಶ್ರುತಿ ಕೂಡಿಸಿದ್ದಾಯ್ತಲ್ಲ, ಹಾಡು ಯಾವಾಗ?” ಎಂದಾರು.

ಕರ್ನಾಟಕದಲ್ಲಿ ಈ ಕಥೆಯ ಮೊದಲ ಮುಖ್ಯ ಅಧ್ಯಾಯ ನಡೆದದ್ದು ಒಂದು ತಾಳವಾದ್ಯ ಶಾಲೆಯಲ್ಲಿ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಹುಟ್ಟಿದ್ದು 1964ರಲ್ಲಿ. ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿ, ಗಾಯಕಿ ಆರ್. ಎ. ರಮಾಮಣಿ ದಂಪತಿ ಅದನ್ನು ಜಗತ್ತಿನ ಭೂಪಟದಲ್ಲಿ ಕೂರಿಸಿದರು. ಮ್ಯೂನಿಕ್‌ನ ಸೈಕೆಡೆಲಿಕ್ ತಂಡ ಎಂಬ್ರಿಯೋ 1970ರ ದಶಕದ ಕೊನೆಗೆ ಬಸ್ಸು ಹತ್ತಿ ಭಾರತಕ್ಕೆ ಬಂದಾಗ ಇವರ ಜೊತೆ ನುಡಿಸಿತು. ಎಂಬ್ರಿಯೋದಲ್ಲೂ ನುಡಿಸಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಇವರೊಂದಿಗೆ 1983ರಲ್ಲಿ ‘ಜ್ಯೋತಿ’ ಆಲ್ಬಂ ಧ್ವನಿಮುದ್ರಿಸಿದರು. ರಮಾಮಣಿಯವರ ದನಿ, ಅವರದೇ ತಂಬೂರಿ, ಮೇಲೆ ಹೊಗೆಯಂತೆ ಸುಳಿಯುವ ಸ್ಯಾಕ್ಸೊಫೋನ್. ಗಿಟಾರಿಲ್ಲ, ಡ್ರಮ್ ಸೆಟ್ ಇಲ್ಲ. ನನ್ನ ಮಟ್ಟಿಗೆ ನಮ್ಮ ನೆಲ ಕೊಟ್ಟ ಅತ್ಯುತ್ತಮ ಕನಸಿನ ದಾಖಲೆ ಇದೇ. 1970ರ ದಶಕದ ಹ್ಯೂಮನ್ ಬಾಂಡೇಜ್ ರಾಕ್ ತಂಡದ ಡ್ರಮ್ಮರ್ ರಮೇಶ್ ಶೋಥಮ್ ಕೂಡ ಇದೇ ಶಾಲೆಯಲ್ಲಿ ತವಿಲ್ ಕಲಿತು ಜರ್ಮನಿಗೆ ಹೋದವರು.

ಸಿನಿಮಾದಲ್ಲಿ ಆಗ ಮಂಪರಿಗಿಂತ ಮೋಜು ಹೆಚ್ಚು. ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶ್ ಸಿ.ಐ.ಡಿ. 999 ಸರಣಿಯ ಚಿತ್ರಗಳಿಗೆ ಕ್ಲಬ್ಬಿನ ಗಿಟಾರು ತಂದರು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜ್‌ಕುಮಾರ್ ಇಂಗ್ಲಿಷಿನಲ್ಲೇ ಹಾಡಿದರು. ಅಣ್ಣಾವ್ರು ಇಂಗ್ಲಿಷಿನಲ್ಲಿ ಹಾಡಿದ ನಾಡಿನಲ್ಲಿ ರಾಕ್ ತಂಡಗಳು ಕನ್ನಡದಲ್ಲಿ ಹಾಡಲು ಎಷ್ಟು ವರ್ಷ ತೆಗೆದುಕೊಂಡವು!

ಕೊನೆಗೆ ಹಾಡಿದಾಗಲೂ ಅವು ಹಿಡಿದದ್ದು ಕುಣಿತದ ದಾರಿ. ರಘು ದೀಕ್ಷಿತ್ 2008ರ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಗುಡುಗುಡಿ ಪದ ಎತ್ತಿಕೊಂಡರು. ಹೊಗೆಸೊಪ್ಪಿನ ಕೊಳವೆಯಲ್ಲಿ ಅನುಭಾವ ಕಾಣಿಸುವ ಆ ಪದಕ್ಕಿಂತ ಸೈಕೆಡೆಲಿಕ್ ಆದದ್ದು ಕನ್ನಡದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ರಘು ಕೈಯಲ್ಲಿ ಅದು ಮೈದಾನವನ್ನೇ ಎಬ್ಬಿಸುವ ಹಾಡಾಯಿತು. ಒಳ್ಳೆಯದೇ. ಆದರೆ ಹೊಗೆ ಚದುರಿಹೋಯಿತು. ವಾಸು ದೀಕ್ಷಿತರ ಸ್ವರಾತ್ಮ ತಂಡವೂ 2009ರ ಆಲ್ಬಂನಲ್ಲಿ ಜನಪದದ ಹುರುಪನ್ನೇ ನೆಚ್ಚಿತು.

ಮಂಪರನ್ನು ಕಾಪಾಡಿದವರು ಬೆಂಗಳೂರಿನಲ್ಲೇ ಇದ್ದರು, ಬೇರೆ ಭಾಷೆಗಳಲ್ಲಿ. ಲೌಂಜ್ ಪಿರಾನಾ ತಂಡದ 2008ರ ‘ಗೋಯಿಂಗ್ ನೋವೇರ್’ ಇಂಗ್ಲಿಷಿನದು. ಅದರ ಡ್ರಮ್ಮರ್ ಜಾರ್ಜ್ ಮ್ಯಾಥನ್ ಮುಂದೆ ಅಪ್ಪುಪೆನ್ ಎಂಬ ಹೆಸರಿನಲ್ಲಿ ಚಿತ್ರಕಾದಂಬರಿಗಳನ್ನು ಬರೆದರು. ಪರ್ವಾಜ್ ತಂಡದ 2014ರ ‘ಬಾರಾನ್’ ಹಾಡುವುದು ಉರ್ದು, ಕಾಶ್ಮೀರಿಗಳಲ್ಲಿ. ಕಾಶ್ಮೀರದ ಇಬ್ಬರು ಗೆಳೆಯರ ಗಿಟಾರಿಗೆ ಡ್ರಮ್ ನುಡಿಸಿದವರು ಸಚಿನ್ ಬಾನಂದೂರು. ಇಳಿಜಾರಿನಲ್ಲಿ ಮಂಜು ಇಳಿದ ಹಾಗೆ ನಿಧಾನವಾಗಿ ತುಂಬಿಕೊಳ್ಳುವ ಆಲ್ಬಂ ಅದು. ಆಗಮ್ ತಂಡ 2017ರ ತನ್ನ ಆಲ್ಬಂಗೆ ‘ಎ ಡ್ರೀಮ್ ಟು ರಿಮೆಂಬರ್’ ಎಂದು ಹೆಸರಿಟ್ಟಿತಾದರೂ, ಅದರ ಸ್ವರಪ್ರಸ್ತಾರದ ವೇಗಕ್ಕೆ ಯಾರಿಗೂ ನಿದ್ದೆ ಬಾರದು.

ಕನ್ನಡದ ಮಂಪರು ಕೊನೆಗೆ ಚಿತ್ರಮಂದಿರದ ಕತ್ತಲಲ್ಲೇ ಜಾಗ ಕಂಡುಕೊಂಡಿತು. ಪ್ರೇಕ್ಷಕರಿಂದಲೇ ಹಣ ಕೂಡಿಸಿ ಪವನ್ ಕುಮಾರ್ 2013ರಲ್ಲಿ ತೆಗೆದ ‘ಲೂಸಿಯಾ’ದಲ್ಲಿ ಕನಸು ತರುವ ಮಾತ್ರೆಯೇ ಕಥೆ, ಪೂರ್ಣಚಂದ್ರ ತೇಜಸ್ವಿಯವರ ಸಂಗೀತ ಮಾತ್ರ ಮಾತ್ರೆಗಿಂತ ಎಚ್ಚರದಲ್ಲಿತ್ತು. ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಎರಡು ಭಾಗಗಳಾಗಿ ಬಂದಾಗ ಸಂಗೀತ ನಿರ್ದೇಶಕ ಚರಣ್ ರಾಜ್ ಆ ಎಚ್ಚರವನ್ನೂ ಬಿಟ್ಟುಕೊಟ್ಟರು. ಡ್ರೀಮ್ ಪಾಪ್‌ಗೆ ಕನ್ನಡ ಇಷ್ಟು ಹತ್ತಿರ ಹೋದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಆದರೂ ಅದು ಕಥೆಯೊಂದರ ಊಳಿಗಕ್ಕೆ ನಿಂತ ಸಂಗೀತ. ಶರೀಫರ ಪದವನ್ನೋ, ಇವತ್ತಿನ ಕವಿಯ ಸಾಲನ್ನೋ ಶ್ರುತಿಯೊಳಗೆ ಮುಳುಗಿಸಿ ಒಂದು ಇಡೀ ಆಲ್ಬಂ ಮಾಡುವ ಕೆಲಸ ಕನ್ನಡದ ತಂಡಗಳಿಂದ ಇನ್ನೂ ಬರಬೇಕಾದ ಬಾಕಿ.

ಕೇಳಲು ಕೂರುವವರಿಗೆ ಒಂದು ಮಾತು: ‘ಜ್ಯೋತಿ’ಯಿಂದ ಶುರು ಮಾಡಿ, ಆಮೇಲೆ ಮ್ಯಾಜಿ ಸ್ಟಾರ್, ಆಮೇಲೆ ‘ಬಾರಾನ್’. ಹೆಡ್‌ಫೋನ್ ಇರಲಿ. ಫೋನಿನ ಸ್ಪೀಕರಿನಲ್ಲಿ ತಂಬೂರಿಯ ಮಂದ್ರ ಕೇಳಿಸುವುದಿಲ್ಲ.